ಕೊಡಗಿನ ಹೊಳೆಗೂ ನೇತ್ರಾಣಿ ದ್ವೀಪದ ಸಮುದ್ರಕ್ಕೂ ಆಗೋ ಹಾಗೆ ಯಾವ ಅಂಡರ್‌ವಾಟರ್ ಕ್ಯಾಮೆರಾ ತಗೊಳ್ಳೋದು, ಮನೇಲಿರೋ ಡಿಎಸ್‌ಎಲ್‌ಆರ್‌ಗೇ ಹೌಸಿಂಗ್ ಹಾಕ್ಸಿದ್ರೆ ಸಾಕಾ? ಗೋಪ್ರೋ ಹೇಗೆ, ಸೆಕೆಂಡ್‌ಹ್ಯಾಂಡ್ ಹೌಸಿಂಗ್ ತಗೊಳ್ಬಹುದಾ, ಹೊಳೇಲಿ ಮಹಶೀರ್ ಮೀನು ಸಿಗುತ್ತಾ?

ಡಿಎಸ್‌ಎಲ್‌ಆರ್ ಮನೇಲೇ ಇರ್ಲಿ ಮಾರಾಯ್ರೆ, ಅದಕ್ಕೆ ಹೌಸಿಂಗ್ ಹಾಕ್ಸೋಕೆ ಹೋಗ್ಬೇಡಿ. ನೀವು ಬರ್ದಿರೋ ಪ್ರಕಾರ ಮನೆ ಸಿದ್ದಾಪುರದ ಹತ್ರ, ತೋಟದ ಕೆಳಗೇ ಕಾವೇರಿ, ಬೇಸಿಗೇಲಿ ಹೊಳೇಲಿ ಮೀನು ಏಡಿ ಫೋಟೋ ತೆಗೀಬೇಕು, ಆಮೇಲೆ ಡಿಸೆಂಬರಲ್ಲಿ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ್ನೇ ಸಲ ಡೈವ್ ಮಾಡ್ಬೇಕು. ಇಷ್ಟಕ್ಕೆ ಡಿಎಸ್‌ಎಲ್‌ಆರ್ ಹೌಸಿಂಗ್ ಅಂದ್ರೆ ಗದ್ದೆ ಬದು ಕೆತ್ತೋಕೆ ಜೆಸಿಬಿ ತರ್ಸಿದ ಹಾಗೆ. ಹೌಸಿಂಗ್ ಅನ್ನೋದು ಒಂದು ಮಾಡೆಲ್‌ಗೆ ಅಂತಲೇ ಮಾಡಿರೋ ನೀರು ಹೋಗದ ಡಬ್ಬಿ, ಒಳಗಿರೋ ಒಂದೊಂದು ಬಟನ್ ಮೇಲೂ ಸರಿಯಾಗಿ ಹೊರಗಿನ ಕಡ್ಡಿ ಬಂದು ಕೂರ್ಬೇಕು, ನಾಳೆ ನೀವು ಕ್ಯಾಮೆರಾ ಬಾಡಿ ಬದಲಾಯ್ಸಿದ್ರೆ ಡಬ್ಬಿ ಅಟ್ಟಕ್ಕೆ. ಒಳ್ಳೇ ಹೌಸಿಂಗ್ ರೇಟು ಎಷ್ಟೋ ಸಲ ಬಾಡಿಗಿಂತ ಜಾಸ್ತಿ, ಅದರ ಮೇಲೆ ಲೆನ್ಸ್ ಮುಂದೆ ಪೋರ್ಟ್ ಅನ್ನೋ ಗಾಜಿನ ಕಿಟಕಿ, ಝೂಮ್ ತಿರುಗ್ಸೋಕೆ ಒಂದು ಗೇರು, ಅದೂ ಇದೂ. ಅಷ್ಟೆಲ್ಲಾ ಹಾಕಿ ಮಾಸ್ಕ್ ಹಾಕ್ಕೊಂಡು ವ್ಯೂಫೈಂಡರ್‌ಗೆ ಕಣ್ಣಿಟ್ರೆ ಅರ್ಧ ಫ್ರೇಮೂ ಕಾಣಲ್ಲ.

ನಾನು ಹೇಳೋದು ಒಂದೇ, ಡಬ್ಬಿ ಮೊದ್ಲು ಆರ್ಸಿ, ಅದಕ್ಕೆ ಹೋಗೋ ಕ್ಯಾಮೆರಾ ಆಮೇಲೆ. ಎಲ್ಲರೂ ಉಲ್ಟಾ ಮಾಡ್ತಾರೆ, ನಾನೂ ಹಾಗೇ ಮಾಡಿ ಒಂದು ಕ್ಯಾಮೆರಾ ಮುಳುಗ್ಸಿದೀನಿ, ಆ ಕಥೆ ಕೆಳಗೆ ಹೇಳ್ತೀನಿ.

ನಿಮಗೆ ನನ್ನ ಓಟು ಟಫ್ ಸೀರೀಸ್‌ಗೆ, ಅಂದ್ರೆ ಒಲಿಂಪಸ್ ಟಿಜಿ-6 ಇಲ್ಲಾ 2023ರಲ್ಲಿ ಓಎಂ ಸಿಸ್ಟಮ್ ಅನ್ನೋ, ಒಲಿಂಪಸ್ ಕ್ಯಾಮೆರಾಗಳ ಹೊಸ ಹೆಸರಲ್ಲಿ ಬಂದ ಟಿಜಿ-7. ಎರಡೂ 12 ಮೆಗಾಪಿಕ್ಸೆಲ್, ಹೌಸಿಂಗೇ ಇಲ್ದೆ 15 ಮೀಟರ್ ತನಕ ಹೋಗುತ್ತೆ, ಪಿಟಿ-059 ಅನ್ನೋ ಅದರದ್ದೇ ಹೌಸಿಂಗ್ ಹಾಕಿದ್ರೆ 45 ಮೀಟರ್. ರಾ ಫೈಲ್ ಕೊಡುತ್ತೆ, ಅಂದ್ರೆ ಬಣ್ಣ ಬೆಳಕು ಆಮೇಲೆ ಸರಿ ಮಾಡ್ಕೊಳ್ಳೋಕೆ ಆಗೋ ಫೈಲು. ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಲೆನ್ಸ್‌ನಿಂದ 1 ಸೆಂಟಿಮೀಟರ್ ದೂರದಲ್ಲಿರೋದಕ್ಕೂ ಫೋಕಸ್ ಆಗುತ್ತೆ, ಕಲ್ಲಿನ ಸಂದೀಲಿ ಕೂತಿರೋ ಏಡಿಮರಿ ಕಣ್ಣಿನ ಕಡ್ಡಿ ತುಂಬಾ ಚೆನ್ನಾಗಿ ಬರುತ್ತೆ. ಕೊರತೆ ಏನಂದ್ರೆ ಫುಲ್ ಮ್ಯಾನುಯಲ್ ಮೋಡ್ ಇಲ್ಲ, ಸೆನ್ಸರ್ ಚಿಕ್ಕದು, ಬೆಳಕು ಕಮ್ಮಿ ಆದ್ರೆ ಕಾಳು ಕಾಳು. ಗೋಪ್ರೋ ಕೇಳಿದ್ರಲ್ಲಾ, ವಿಡಿಯೋಗೆ ಚೆನ್ನಾಗಿದೆ, ಬಾಡಿ ಹಾಗೇ 10 ಮೀಟರ್ ಹೋಗುತ್ತೆ, ಆದ್ರೆ ಫಿಕ್ಸೆಡ್ ಫೋಕಸ್ಸು, ಬೆರಳುದ್ದದ ಮೀನನ್ನ ಗೇಣು ದೂರದಲ್ಲಿಟ್ಟು ತೆಗೆದ್ರೆ ಮಸುಕು. ಫೋನನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಳುಗ್ಸೋ ಯೋಚನೆ ಇದ್ರೆ ಬಿಟ್ಬಿಡಿ, ನೀರೊಳಗೆ ಟಚ್ ಕೆಲಸ ಮಾಡಲ್ಲ, ಐಪಿ68 ಅಂತ, ಅಂದ್ರೆ ನೀರು ತಡೆಯುತ್ತೆ ಅಂತ ಬರ್ದಿದ್ರೂ ನೀರು ಹೋಗಿ ಕೆಟ್ರೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ.

ಹತ್ರ ಹೋಗೋದು ಯಾಕೆ ಇಷ್ಟು ಮುಖ್ಯ ಅಂದ್ರೆ, ನಮ್ ಹೊಳೆ ನೀರು ಕನ್ನಡಿ ಹಾಗೆ ಕಂಡ್ರೂ ಒಳಗೆ ಧೂಳು ಇದ್ದೇ ಇರುತ್ತೆ. ಮಳೆಗಾಲದ ಕೆಂಪು ನೀರಲ್ಲಂತೂ ಪ್ರಶ್ನೇನೇ ಇಲ್ಲ, ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ತಿಳಿ ನೀರು ಸಿಗುತ್ತೆ, ಅದೂ ಮೇಲೆ ಯಾರೂ ಪಲ್ಪರ್ ನೀರು, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು ಬಿಡದಿದ್ರೆ, ಆ ಟೈಮಲ್ಲಿ ಕೆಲವು ತೋಡು ಕಪ್ಪಾಗಿ ನಾರ್ತಾ ಇರುತ್ತೆ ನೋಡಿ. ಒಂದು ಮಾರು ದೂರದಿಂದ ತೆಗೆದ ಫೋಟೋ ಅಂದ್ರೆ ಒಂದು ಮಾರು ಧೂಳಿನ ಫೋಟೋ. ಮತ್ತೆ ಚಪ್ಪಟೆ ಗಾಜಿನ ಹಿಂದೆ ಲೆನ್ಸ್ ಇಟ್ರೆ ನೀರಲ್ಲಿ ಎಲ್ಲಾ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತೆ, ಬೆಳಕು ನೀರಿಂದ ಗಾಳಿಗೆ ಬರೋವಾಗ ಬಾಗೋದ್ರಿಂದ, ಹಾಗಾಗಿ ಟಿಜಿಯ 25 ಎಂಎಂ ಲೆನ್ಸ್ ನೀರಲ್ಲಿ ಹೆಚ್ಚುಕಮ್ಮಿ 33 ಎಂಎಂ ಹಾಗೆ ಆಗ್ಬಿಡುತ್ತೆ, ಅಂದ್ರೆ ಫ್ರೇಮಲ್ಲಿ ಕಾಣೋ ಅಗಲ ಕಮ್ಮಿ. ಅಗಲವಾಗಿ ತೆಗೀಬೇಕು ಅಂದ್ರೆ ಲೆನ್ಸ್ ಮುಂದೆ ವೈಡ್ ಕನ್ವರ್ಟರ್ ಅನ್ನೋ ಇನ್ನೊಂದು ಲೆನ್ಸ್ ಬೇಕು, ಅದು ಎರಡನೇ ವರ್ಷದ ಖರ್ಚು, ಮೊದಲ್ನೇ ವರ್ಷ ಬೇಡ. ಅರ್ಧ ನೀರು ಅರ್ಧ ದಡ ಇರೋ ಫೋಟೋ ಹುಚ್ಚು ಹಿಡಿದ್ರೆ ಗುಮ್ಮಟದ ಹಾಗಿರೋ ದೊಡ್ಡ ಗಾಜು, ಡೋಮ್ ಬೇಕು, ಆಗ ಮಿರರ್‌ಲೆಸ್ ಕ್ಯಾಮೆರಾ, ಪಾಲಿಕಾರ್ಬೊನೇಟ್ ಹೌಸಿಂಗು ಅಂತ ಬೇರೆ ಲೆಕ್ಕ ಶುರು.

ಮಹಶೀರ್ ಅಂದ್ರಲ್ಲಾ, ಅದರ ಆಸೆ ಸದ್ಯಕ್ಕೆ ಬಿಡಿ. ಕಾವೇರಿಯ ಆ ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಅನ್ನೋ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ರಾಗಿ ಉಂಡೆ ಹಾಕಿ ಕರ್ಸೋ ಕೆಲಸ ದಯವಿಟ್ಟು ಮಾಡ್ಬೇಡಿ.

ಈಗ ಡಬ್ಬಿ ವಿಷಯ. ಹೌಸಿಂಗ್‌ನ ಜೀವ ಇರೋದು ಓ-ರಿಂಗ್‌ನಲ್ಲಿ, ಒಂದು ರಬ್ಬರ್ ಬಳೆ ಅಷ್ಟೇ. ನೀವು ತೋಟದವರು, ನಿಮಗೆ ಇದನ್ನ ಹೇಳೋದು ಸುಲಭ. ಫೆಬ್ರವರಿ ಮಾರ್ಚಲ್ಲಿ ಹೂವಿಗೆ ಅಂತ ಕಾಫಿಗೆ ನೀರು ಹೊಡೆಯೋವಾಗ ಸ್ಪ್ರಿಂಕ್ಲರ್ ಪೈಪ್ ಜೋಡಿಸ್ತೀವಲ್ಲ, ಆ ಜಾಯಿಂಟಲ್ಲಿ ರಬ್ಬರ್ ರಿಂಗ್‌ಗೆ ಒಂದು ಒಣಗಿದ ಎಲೆ ಚೂರು ಸಿಕ್ಕಿದ್ರೆ ಸಾಕು, ಪಂಪ್ ಶುರು ಮಾಡಿದ್ ಕೂಡ್ಲೇ ಚಿರ್ ಅಂತ ಮುಖಕ್ಕೆ. ಅಲ್ಲಿ ನೀರು ಹೊರಗೆ ಬರುತ್ತೆ, ಇಲ್ಲಿ ಒಳಗೆ ಹೋಗುತ್ತೆ, ಅಷ್ಟೇ ವ್ಯತ್ಯಾಸ.

ನಾನು ಮುಳುಗ್ಸಿದ್ದು ಹೀಗೆ. ಸೆಕೆಂಡ್‌ಹ್ಯಾಂಡ್ ಕಾಂಪ್ಯಾಕ್ಟ್ ಕ್ಯಾಮೆರಾ, ಅದಕ್ಕೆ 40 ಮೀಟರ್ ಅಂತ ಬರ್ದಿದ್ದ ಹೌಸಿಂಗ್. ಬೆಳಿಗ್ಗೆ ಜೀಪಿನ ಸೀಟ್ ಮೇಲೆ ಇಟ್ಕೊಂಡೇ ಬ್ಯಾಟರಿ ಹಾಕಿ ಮುಚ್ಚಿದೆ, ಹೊಳೆಗೆ ಇಳಿದೆ, ಎದೆ ಮಟ್ಟದ ನೀರು ಅಷ್ಟೇ. ನಾಲ್ಕನೇ ಫೋಟೋಗೆ ಕೆಳಗಿನ ಮೂಲೇಲಿ ಒಂದು ಹನಿ ಓಡಾಡ್ತಾ ಇತ್ತು. ಹೊರಗಿನ ಹನಿ ಇರ್ಬೇಕು ಅಂದ್ಕೊಂಡು ಬೆರಳಲ್ಲಿ ಒರ್ಸಿದೆ, ಹೋಗ್ಲಿಲ್ಲ. ದಡಕ್ಕೆ ಬರೋಷ್ಟರಲ್ಲಿ ಅರ್ಧ ಲೋಟ ನೀರು ಒಳಗೆ. ತೆಗೆದು ನೋಡಿದ್ರೆ ರಿಂಗ್ ಮೇಲೆ ಅಡ್ಡಲಾಗಿ ನಮ್ಮ ನಾಯಿದು ಒಂದು ಬಿಳಿ ಕೂದಲು. ಆಮೇಲೆ ಗೊತ್ತಾಗಿದ್ದು ಏನಂದ್ರೆ ಆಳಕ್ಕೆ ಹೋದಷ್ಟೂ ನೀರಿನ ಒತ್ತಡ, ಅಂದ್ರೆ ಪ್ರತಿ 10 ಮೀಟರಿಗೆ ಇನ್ನೊಂದು ವಾತಾವರಣದಷ್ಟು, ಡಬ್ಬಿ ಬಾಗಿಲನ್ನ ರಿಂಗ್ ಮೇಲೆ ಗಟ್ಟಿಯಾಗಿ ಒತ್ತುತ್ತೆ, ಹಾಗಾಗಿ ಇಂಥ ಸಣ್ಣ ಕೂದಲಿನ ಲೀಕು ಜಾಸ್ತಿ ಆಗೋದು ಮೇಲಿನ ನೀರಲ್ಲೇ. 40 ಮೀಟರ್ ಅಂತ ಬರ್ದಿದೆ, ಎದೆ ಮಟ್ಟಕ್ಕೆ ಏನಾಗುತ್ತೆ ಅನ್ನೋ ಧೈರ್ಯ ನನ್ನದು. ಕ್ಯಾಮೆರಾನ ಎರಡು ವಾರ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸ್ದೆ, ಏಳ್ಲಿಲ್ಲ.

ಅದಕ್ಕೇ ಈಗ ಹಿಂದಿನ ರಾತ್ರಿನೇ ಊಟದ ಟೇಬಲ್ ಒರ್ಸಿ, ಫ್ಯಾನ್ ಆಫ್ ಮಾಡಿ, ನಾಯಿನ ಹೊರಗೆ ಹಾಕಿ ಕೂರ್ತೀನಿ. ರಿಂಗನ್ನ ಪಿನ್ನಲ್ಲಿ ಚಾಕುಲಿ ಎಬ್ಬಿಸ್ಬಾರ್ದು, ಹಳೇ ಎಟಿಎಂ ಕಾರ್ಡ್ ಮೂಲೆ ಸಾಕು. ಬೆರಳ ಮಧ್ಯೆ ಸುತ್ತಾ ಎಳ್ಕೊಂಡು ಹೋದ್ರೆ ಮರಳು ಕೂದಲು ಕಣ್ಣಿಗೆ ಕಾಣ್ದಿದ್ರೂ ಕೈಗೆ ಗೊತ್ತಾಗುತ್ತೆ. ಗ್ರೀಸ್ ಹೌಸಿಂಗ್ ಜೊತೆ ಕೊಟ್ಟಿದ್ದೇ ಹಾಕಿ, ಅದೂ ರಿಂಗ್ ಹೊಳೆಯೋಷ್ಟು ಮಾತ್ರ, ನೀರು ತಡೆಯೋದು ಗ್ರೀಸ್ ಅಲ್ಲ ರಬ್ಬರ್. ನನ್ನ ಫ್ರೆಂಡ್ ಒಬ್ರು ತೆಂಗಿನೆಣ್ಣೆ ಹಚ್ಚಿದ್ರು, ಏನು ಹೇಳ್ಲಿ. ಹೊಸ ಡಬ್ಬಿ ಬಂದ ದಿನ ಕ್ಯಾಮೆರಾ ಇಲ್ದೆ ಒಳಗೆ ಟಿಶ್ಯೂ ಪೇಪರ್ ಹಾಕಿ ಬಕೆಟಲ್ಲಿ ಕಲ್ಲು ಕಟ್ಟಿ ಅರ್ಧ ಗಂಟೆ ಮುಳುಗ್ಸಿ, ಎಲ್ಲಾ ಬಟನ್ ಒತ್ತಿ ನೋಡಿ. ವ್ಯಾಕ್ಯೂಮ್ ಪಂಪ್ ಇರೋ ಹೌಸಿಂಗ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಒಳಗಿನ ಗಾಳಿ ಎಳೆದು ಇಟ್ರೆ ಲೀಕ್ ಇದ್ರೆ ನೀರಿಗೆ ಇಳಿಯೋ ಮೊದಲೇ ಲೈಟ್ ಹೇಳುತ್ತೆ.

ಇನ್ನೊಂದು ನಮ್ ಊರಿನ ಕಾಟ, ತೇವ. ಬೆಚ್ಚಗಿನ ಹಸಿ ಗಾಳಿ ಒಳಗಿಟ್ಟು ಮುಚ್ಚಿ ಡಿಸೆಂಬರ್ ಬೆಳಿಗ್ಗೆ ಕಾವೇರಿಗೆ ಇಳಿಸಿದ್ರೆ ಹತ್ತು ನಿಮಿಷದಲ್ಲಿ ಗಾಜಿನ ಒಳಗೆ ಮಂಜು. ಕಾರ್ ಎಸಿ ಹಾಕಿ ಸ್ವಲ್ಪ ಹೊತ್ತು ಡಬ್ಬಿ ತೆರೆದಿಟ್ಟು ಅಲ್ಲೇ ಮುಚ್ಚಿ, ಒಳಗೆ ಸಿಲಿಕಾ ಜೆಲ್ ಒಂದು ಚೂರು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಡೋಕೆ ಡ್ರೈ ಕ್ಯಾಬಿನೆಟ್ಟೋ ಗಾಳಿ ಹೋಗದ ಡಬ್ಬಿಯೋ ಬೇಕೇ ಬೇಕು, ಇಲ್ದಿದ್ರೆ ಲೆನ್ಸಲ್ಲಿ ಫಂಗಸ್ ಬೆಳೆಯುತ್ತೆ, ನಿಮ್ ಡಿಎಸ್‌ಎಲ್‌ಆರ್‌ಗೂ ಅಷ್ಟೇ.

ಫ್ಲಾಶ್ ಬಗ್ಗೆ ಜಾಸ್ತಿ ಹೇಳಲ್ಲ. ಮಡಿಕೇರಿ ಘಾಟಲ್ಲಿ ಮಂಜಿಗೆ ಹೈಬೀಮ್ ಹಾಕಿದ್ರೆ ಏನಾಗುತ್ತೆ, ಬಿಳಿ ಗೋಡೆ, ಕ್ಯಾಮೆರಾದ ಒಳಗಿನ ಫ್ಲಾಶ್ ನೀರಲ್ಲಿ ಮಾಡೋದೂ ಅದೇ. ಬೆಳಕು ಲೆನ್ಸ್‌ನಿಂದ ದೂರ, ಪಕ್ಕದಿಂದ ಬರ್ಬೇಕು, ಅದಕ್ಕೇ ಸ್ಟ್ರೋಬ್‌ಗೆ, ಅಂದ್ರೆ ಹೊರಗಿನಿಂದ ಹಾಕೋ ಫ್ಲಾಶ್‌ಗೆ ಉದ್ದ ಕೈ ಇರೋದು. ಹೊಳೇಲಿ ನಿಮಗೆ ಅದು ಬೇಡ, ಹನ್ನೊಂದು ಗಂಟೆ ಬಿಸಿಲು ಸಾಕು. ಸಮುದ್ರದಲ್ಲಿ ಐದಾರು ಮೀಟರ್ ಇಳಿಯೋಷ್ಟರಲ್ಲೇ ಕೆಂಪು ಬಣ್ಣ ಹೋಗ್ಬಿಡುತ್ತೆ, ಅಲ್ಲಿ ಅಂಡರ್‌ವಾಟರ್ ವೈಟ್ ಬ್ಯಾಲೆನ್ಸ್ ಹಾಕಿ, ರಾದಲ್ಲಿ ತೆಗೆದು ಮನೇಲಿ ಸರಿ ಮಾಡಿ.

ನೇತ್ರಾಣಿಲಿ ಮೊದಲ್ನೇ ಸಲದ ಟ್ರೈ ಡೈವ್ 12 ಮೀಟರ್ ದಾಟಲ್ಲ, ಹಾಗಾಗಿ ಟಿಜಿಗೆ ಹೌಸಿಂಗ್ ಇಲ್ದೇನೂ ನಡೆಯುತ್ತೆ. ನಿಜ ಹೇಳ್ಬೇಕಂದ್ರೆ ಆ ಸಲ ಕ್ಯಾಮೆರಾನೇ ಬೇಡ, ಉಸಿರಾಡೋದು ಕಲಿಯೋದ್ರಲ್ಲೇ ಟೈಮ್ ಮುಗಿಯುತ್ತೆ. ಮುಂದೆ ಓಪನ್ ವಾಟರ್ ಅನ್ನೋ ಡೈವಿಂಗ್ ಕೋರ್ಸ್ ಮಾಡಿದ್ರೆ 18 ಮೀಟರ್ ಹೋಗ್ತೀರಿ, ಆಗ ಪಿಟಿ-059 ತಗೊಳ್ಳಿ. ಉಪ್ಪುನೀರಿಂದ ಬಂದ್ಮೇಲೆ ಸಿಹಿ ನೀರಲ್ಲಿ ಅರ್ಧ ಗಂಟೆ ನೆನೆಸಿ ಬಟನ್ ಒತ್ತಿ ಒತ್ತಿ ತೊಳೀರಿ. ಹೊಳೇಲಿ ಮಾತ್ರ ಒಬ್ರೇ ಇಳೀಬೇಡಿ, ಫಾಲ್ಸ್ ಕೆಳಗಿನ ಗುಂಡಿಗಂತೂ ಬೇಡವೇ ಬೇಡ, ಚೇಲಾವರ ಫಾಲ್ಸಲ್ಲಿ ಜನ ಮುಳುಗಿದ್ದು ನಿಮಗೂ ಗೊತ್ತಲ್ಲ.

ಕೊನೆಗೆ ಸೆಕೆಂಡ್‌ಹ್ಯಾಂಡ್ ಹೌಸಿಂಗ್ ಕೇಳಿದ್ರಿ. ತಗೊಳ್ಬಹುದು, ಆದ್ರೆ ಫೋಟೋ ನೋಡಿ ದುಡ್ಡು ಕಳಿಸ್ಬೇಡಿ. ಕೈಯಲ್ಲಿ ಹಿಡಿದು ರಿಂಗ್ ತೆಗ್ಸಿ, ಅದು ಕೂರೋ ಸಣ್ಣ ಕಾಲುವೆ ಥರದ ಗ್ರೂವ್‌ನಲ್ಲಿ ಸುತ್ತಲೂ ಉಗುರು ಎಳೀರಿ, ಎಲ್ಲಾದ್ರೂ ಉಗುರು ತಡೆದ್ರೆ ಗೀರು ಬಿದ್ದಿದೆ ಅಂತ, ಎಷ್ಟೇ ಕಮ್ಮಿಗೆ ಕೊಟ್ರೂ ವಾಪಸ್ ಕೊಟ್ಟು ಬನ್ನಿ. ರಿಂಗ್ ಹೊಸದು ಸಿಗುತ್ತೆ, ಆ ಗ್ರೂವ್ ಸಿಗಲ್ಲ.