ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್: ಬಿ.ಕಾಂ. ಮಾಡಿದವರಿಗೆ ಸೀಟು ಸಿಗುತ್ತದೆಯೇ?

ಎರಡು ವರ್ಷದ ಪದವಿ ಕೊಡುವ ಈ ಸ್ಥಳೀಯ ಕಾಲೇಜುಗಳಲ್ಲಿ ಸಿಗುತ್ತದೆ. ಆದರೆ ಬಹಳಷ್ಟು ಕಡೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಯನ್ನು ಲ್ಯಾಬ್ ಸಮೇತ ಮೊದಲೇ ಓದಿರಬೇಕು. ಇದಕ್ಕೇ ವರ್ಷ ಹಿಡಿಯುತ್ತದೆ. "ಎರಡೇ ವರ್ಷದ ಕೋರ್ಸ್" ಅನ್ನುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ವಿಷಯಗಳಲ್ಲಿ ಎ ಗ್ರೇಡ್ ತೆಗೆಯಿರಿ. ಬಹಳಷ್ಟು ಕಾಲೇಜುಗಳು ಅದಕ್ಕೂ ಟೀಸ್‌ನಂಥ ಪ್ರವೇಶ ಪರೀಕ್ಷೆಗೂ ಪಾಯಿಂಟ್ ಹಾಕಿಯೇ ಆಯ್ಕೆ ಮಾಡುವುದು. ಕ್ಯಾಲಿಫೋರ್ನಿಯಾದಲ್ಲಿ ಕೆಲವೆಡೆ ಲಾಟರಿ! ಹಾಗಾಗಿ ಮೂರ್ನಾಲ್ಕು ಕಡೆ ಅರ್ಜಿ ಹಾಕಿ.

ಸೇರಿದ ಮೇಲೆ ಹಲವರು ಎಡವುವುದು ಔಷಧದ ಲೆಕ್ಕದಲ್ಲಿ. 500 ಮಿ.ಗ್ರಾಂ. ಕೊಡಬೇಕು, ಬಾಟಲಿಯಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ. ಇದೆ, ಎಷ್ಟು ಕೊಡುತ್ತೀರಿ? 10 ಮಿ.ಲೀ. ಗಣಿತ ಇಷ್ಟೇ, ಆದರೆ ಈ ಲೆಕ್ಕದ ಪರೀಕ್ಷೆಯಲ್ಲಿ ಶೇ. 90 ಬಾರದಿದ್ದರೆ ವಾರ್ಡಿಗೇ ಬಿಡದ ಕಾಲೇಜುಗಳಿವೆ. ಬಿ.ಕಾಂ.ನವರಿಗೆ ಇದೇನು ಮಹಾ! ಕೊನೆಗೆ ನರ್ಸ್ ಲೈಸೆನ್ಸಿಗಾಗಿ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ, ನಾಲ್ಕು ವರ್ಷದ ನರ್ಸಿಂಗ್ ಪದವಿ ಪಡೆದವರು ಬರೆಯುವುದೂ ಅದೇ ಪರೀಕ್ಷೆ.