ಎರಡು ಸಲ ಐ-ಪಿಲ್ ತಗೊಂಡೆ, ಡೇಟ್ ಎಂಟು ದಿನ ಮುಂದೆ ಹೋಗಿದೆ: ಈಗೇನು ಮಾಡಲಿ?

ನಿಮಗೆ 20 ವರ್ಷ, ಡಿಗ್ರಿ ಕೊನೇ ವರ್ಷ, ಹಾಸ್ಟೆಲ್ ವಾಸ. ಹತ್ತು ದಿನದ ಅಂತರದಲ್ಲಿ ಎರಡು ಸಲ ಐ-ಪಿಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡಿದ್ದೀರಿ, ಮುಟ್ಟಿನ ಡೇಟ್ ಎಂಟು ದಿನ ಮುಂದೆ ಹೋಗಿದೆ. ಮುಂದೆ ಮಕ್ಕಳಾಗದೆ ಹೋಗುತ್ತಾ, ಮದುವೆ ಆಗದವರಿಗೆ ಬೇರೆ ಏನಾದರೂ ಕೊಡುತ್ತಾರಾ ಎಂದು ಕೇಳಿದ್ದೀರಿ. ಭಯದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಇಲ್ಲ, ಈ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಎರಡು ಸಲ ಅಲ್ಲ, ಅದಕ್ಕಿಂತ ಹೆಚ್ಚು ಸಲ ತಗೊಂಡವರಿಗೂ ಬರುವುದಿಲ್ಲ. ಮುಟ್ಟಿನ ಲೆಕ್ಕ ಒಂದೆರಡು ತಿಂಗಳು ಏರುಪೇರಾಗಬಹುದು, ಅಷ್ಟೆ.

ಆದರೆ ಎಂಟು ದಿನ ತಡವಾಗಿದೆ ಅಂದಮೇಲೆ ಯೋಚಿಸುತ್ತಾ ಕೂರಬೇಡಿ, ನಾಳೆ ಬೆಳಿಗ್ಗೆಯೇ ಟೆಸ್ಟ್ ಮಾಡಿ. ಮೆಡಿಕಲ್ ಶಾಪ್‌ನಲ್ಲಿ ಪ್ರೆಗ್ನೆನ್ಸಿ ಕಿಟ್ ಎಂದು ಕೇಳಿದರೆ ಕೊಡುತ್ತಾರೆ, ಚೀಟಿ ಬೇಕಿಲ್ಲ. ಸರ್ಕಾರದ ಕಿಟ್‌ನ ಹೆಸರು ನಿಶ್ಚಯ್, ಆಶಾ ಕಾರ್ಯಕರ್ತೆಯರ ಹತ್ತಿರ ಇರುತ್ತದೆ. ಎದ್ದ ಕೂಡಲೇ ಮಾಡುವ ಮೊದಲ ಮೂತ್ರ ಹಿಡಿದುಕೊಳ್ಳಿ. ರಾತ್ರಿಯಿಡೀ ನೀರು ಕುಡಿದಿದ್ದರೆ ಮೂತ್ರ ತೆಳುವಾಗಿ, ಇರುವ ಗೆರೆಯೂ ಕಾಣದೆ ಹೋಗಬಹುದು. ಕವರ್ ಮೇಲೆ ಹೇಳಿದಷ್ಟೇ ಹನಿ, ಸಾಮಾನ್ಯವಾಗಿ ಎರಡು ಮೂರು, ಗುಂಡಿಯೊಳಗೆ ಬಿಟ್ಟು 5 ನಿಮಿಷಕ್ಕೆ ನೋಡಿ. ಕಿಟ್ ಮೇಲಿನ ಸಿ ಅಕ್ಷರದ ಹತ್ತಿರ ಮಾತ್ರ ಗೆರೆ ಬಂದರೆ ಗರ್ಭ ಇಲ್ಲ. ಟಿ ಹತ್ತಿರ ಎಷ್ಟೇ ಮಸುಕಾಗಿ ಗೆರೆ ಬಂದರೂ ಇದೆ ಎಂದೇ ಲೆಕ್ಕ. ಸಿ ಹತ್ತಿರವೇ ಗೆರೆ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಇನ್ನೊಂದು ತನ್ನಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಒಣಗಿದ ಗುರುತೂ ಗೆರೆಯ ಹಾಗೆ ಕಾಣುತ್ತದೆ, ಅದನ್ನು ನಂಬಬೇಡಿ. ಕೊನೆಯ ಸಲ ದೈಹಿಕ ಸಂಪರ್ಕವಾಗಿ 21 ದಿನ ಆಗಿಲ್ಲದಿದ್ದರೆ ಈಗಿನ 'ಇಲ್ಲ' ಎಂಬ ಉತ್ತರವೂ ಪಕ್ಕಾ ಅಲ್ಲ. ವಾರ ಬಿಟ್ಟು ಇನ್ನೊಮ್ಮೆ ಮಾಡಿ.

ಗರ್ಭ ಇದೆ ಎಂದು ಬಂದರೆ ಮೆಡಿಕಲ್ ಶಾಪ್‌ಗೆ ಓಡಬೇಡಿ. ಇಲ್ಲಿ ಒಂದು ಅಪಾಯ ಇದೆ, ಗಮನವಿಟ್ಟು ಓದಿ. ಅನ್‌ವಾಂಟೆಡ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಔಷಧಿ ಸಿಗುತ್ತವೆ. ಅನ್‌ವಾಂಟೆಡ್-72 ಅಂದರೆ ತುರ್ತು ಮಾತ್ರೆ, ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಐ-ಪಿಲ್‌ನಲ್ಲಿ ಇರುವುದೂ ಅದೇ. ಅನ್‌ವಾಂಟೆಡ್-21 ಅಂದರೆ ದಿನಕ್ಕೊಂದರಂತೆ ನುಂಗುವ ಮಾತ್ರೆ. ಅನ್‌ವಾಂಟೆಡ್ ಕಿಟ್ ಅಂದರೆ ಗರ್ಭಪಾತದ ಮಾತ್ರೆ, ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ಗೆಳತಿ ಹೇಳಿದ ಹೆಸರನ್ನು ಅರ್ಧ ನೆನಪಿಟ್ಟುಕೊಂಡು ಅಂಗಡಿಯಲ್ಲಿ ಪಿಸುಗುಟ್ಟಿದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. ಪ್ಯಾಕೆಟ್ ಹಿಂದಿನ ಔಷಧಿಯ ಹೆಸರು ಓದದೆ ಯಾವುದನ್ನೂ ನುಂಗಬೇಡಿ. ಗರ್ಭಪಾತದ ಮಾತ್ರೆಯನ್ನು 9 ವಾರದೊಳಗೆ ವೈದ್ಯರ ನಿಗಾದಲ್ಲೇ ತಗೊಳ್ಳಬೇಕು. ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಕಟ್ಟಿದ್ದರೆ ಈ ಮಾತ್ರೆ ಅದನ್ನು ತೆಗೆಯುವುದಿಲ್ಲ, ನಾಳ ಒಡೆದು ಜೀವಕ್ಕೇ ಕುತ್ತು. ಕಿಬ್ಬೊಟ್ಟೆಯ ಒಂದೇ ಬದಿ ಜೋರು ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಂಡರೆ ಅದು ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗುವ ವಿಷಯ.

ಕಾನೂನು ನಿಮ್ಮ ಪರವಾಗಿದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಯಿತು. ಗರ್ಭನಿರೋಧಕ ವಿಫಲವಾಯಿತು ಎಂಬ ಕಾರಣ ಮೊದಲು ಮದುವೆಯಾದವರಿಗೆ ಮಾತ್ರ ಇತ್ತು, ಈಗ ಎಲ್ಲ ಹೆಣ್ಣುಮಕ್ಕಳಿಗೂ ಇದೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದವರಿಗೆ ತಮ್ಮದೊಂದೇ ಸಹಿ, ಅಪ್ಪ ಅಮ್ಮನ ಸಹಿ ಬೇಕಿಲ್ಲ, ಹುಡುಗನ ಸಹಿಯೂ ಬೇಕಿಲ್ಲ. ನಿಮ್ಮ ಹೆಸರು ಹೊರಗೆ ಹೇಳಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಟೆಸ್ಟ್‌ನಲ್ಲಿ ಗರ್ಭ ಇಲ್ಲ ಎಂದು ಬಂದರೆ, ತಡವಾಗಿದ್ದಕ್ಕೆ ನೀವು ತಗೊಂಡ ಐ-ಪಿಲ್ಲೇ ಕಾರಣ ಇರಬಹುದು. ಒಂದು ವಾರ ಹಿಂದೆ ಮುಂದೆ ಆಗುವುದು ಮಾಮೂಲು. ಪರೀಕ್ಷೆಯ ಒತ್ತಡ, ಊಟ ಬಿಡುವುದು, ಪಿಸಿಓಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ), ಥೈರಾಯ್ಡ್ ಕೂಡ ಕಾರಣ ಆಗಬಹುದು. ಇನ್ನೆರಡು ವಾರ ಕಳೆದರೂ ಮುಟ್ಟು ಬರದಿದ್ದರೆ ಡಾಕ್ಟರನ್ನು ನೋಡಿ.

ನಾನು ಮಾತಾಡುವ ಹುಡುಗಿಯರಲ್ಲಿ ಹೆಚ್ಚಿನವರಿಗೆ ಐ-ಪಿಲ್, ಕಾಂಡೋಮ್, ಕಾಪರ್-ಟಿ ಎಂಬ ಹೆಸರುಗಳೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಯಾವುದನ್ನು ಯಾವಾಗ, ಎಷ್ಟು, ಒಂದು ತಪ್ಪಿದರೆ ಏನು ಎನ್ನುವುದು. ಅದಕ್ಕೆ ಹುಡುಗಿಯರನ್ನು ದೂರುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಅಮ್ಮನಿಗೆ, ಚಿಕ್ಕಮ್ಮನಿಗೆ ಗೊತ್ತಿರುವ ದಾರಿಯೆಂದರೆ ಎರಡು ಮಕ್ಕಳಾದ ಮೇಲೆ ಆಪರೇಷನ್. ಮದುವೆಗೆ ಮುಂಚಿನ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗದಿದ್ದಾಗ, ಯಾರನ್ನೂ ಕೇಳದೆ ಒಮ್ಮೆ ಕೊಂಡು ನುಂಗಿ ಕವರ್ ಬಿಸಾಡಬಹುದಾದ ಮಾತ್ರೆಯೇ ಮಾಮೂಲಿನ ದಾರಿ ಆಗಿಬಿಡುತ್ತದೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿದ್ದ ನಾಡು ನಮ್ಮದು. ಇವತ್ತಿನ ಹುಡುಗಿ ಇದನ್ನು ಕದ್ದುಮುಚ್ಚಿ ತಿಳಿಯಬೇಕಾಗಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಈಗ ಐ-ಪಿಲ್ ಹೇಗೆ ಕೆಲಸ ಮಾಡುತ್ತದೆ ನೋಡಿ, ನಿಮ್ಮ ತೊಂದರೆಯ ಮೂಲ ಅಲ್ಲೇ ಇದೆ. ಅದು ಅಂಡ ಹೊರಬೀಳುವುದನ್ನು ಕೆಲವು ದಿನ ಮುಂದಕ್ಕೆ ತಳ್ಳುತ್ತದೆ. ಅಂಡ ಆಗಲೇ ಹೊರಬಿದ್ದಿದ್ದರೆ ಅದಕ್ಕೆ ಮಾಡಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಸಂಪರ್ಕವಾದ ಮೇಲಿನ 72 ಗಂಟೆ ಎನ್ನುವುದನ್ನು ಕೊನೆಯ ಗಡುವು ಎಂದುಕೊಳ್ಳಿ, ಮೊದಲ 12 ಗಂಟೆಯೊಳಗೆ ತಗೊಂಡರೆ ಎಷ್ಟೋ ಮೇಲು. ಈಗಾಗಲೇ ಕಟ್ಟಿದ ಗರ್ಭವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ಹಾನಿಯನ್ನೂ ಮಾಡುವುದಿಲ್ಲ. 'ಒಂದು ತಗೊಂಡರೆ ಆ ತಿಂಗಳು ಸೇಫ್' ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತಿದೆ, ಅದು ಪೂರ್ತಿ ತಪ್ಪು. ಮುಂದಕ್ಕೆ ಹೋದ ಅಂಡ ಕೆಲವು ದಿನ ಬಿಟ್ಟು ಬಂದೇ ಬರುತ್ತದೆ, ಆಗ ಸೇರಿದರೆ ಗರ್ಭ ಕಟ್ಟುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಮಾತ್ರೆ ತಗೊಂಡ ಮೇಲೆ ಮುಂದಿನ ಮುಟ್ಟಿನವರೆಗೆ ಪ್ರತಿ ಸಲವೂ ಕಾಂಡೋಮ್ ಬೇಕು. ನುಂಗಿ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಿ. ತೂಕ 70 ಕೆಜಿ ದಾಟಿದವರಲ್ಲಿ ಇದರ ಶಕ್ತಿ ಕುಗ್ಗುತ್ತದೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್, ಕಾರ್ಬಮಜೆಪೈನ್ ತಗೊಳ್ಳುವವರಲ್ಲೂ ಹಾಗೆಯೇ. ಅಂಥವರಿಗೆ 5 ದಿನದೊಳಗೆ ಗರ್ಭಕೋಶದೊಳಗೆ ಕೂರಿಸುವ ಕಾಪರ್-ಟಿ ಹಾಕಿಸುವುದು ಎಲ್ಲಕ್ಕಿಂತ ಗಟ್ಟಿ ತುರ್ತು ಉಪಾಯ.

ದಿನ ಎಣಿಸುವವರಿಗೂ ಒಂದು ಮಾತು. ವೀರ್ಯಾಣು ಒಳಗೆ 5 ದಿನ ಬದುಕಬಲ್ಲದು. ಆರು ತಿಂಗಳು ಮುಟ್ಟಿನ ದಿನಾಂಕ ಬರೆದಿಟ್ಟು, ಅತಿ ಚಿಕ್ಕ ಚಕ್ರದಿಂದ 18, ಅತಿ ಉದ್ದದ ಚಕ್ರದಿಂದ 11 ಕಳೆಯಬೇಕು. ಒಬ್ಬಳ ಚಕ್ರ 26ರಿಂದ 32 ದಿನ ಅಂದುಕೊಳ್ಳಿ: 8ನೇ ದಿನದಿಂದ 21ನೇ ದಿನದವರೆಗೆ ಅಪಾಯ, ಅಂದರೆ ಎರಡು ವಾರ. ಪಿಸಿಓಡಿ ಇರುವವರಿಗೆ ಈ ಲೆಕ್ಕ ಕೂಡುವುದೇ ಇಲ್ಲ. ಹೊರಗೆ ಬಿಡುವುದು, ಆಮೇಲೆ ತೊಳೆದುಕೊಳ್ಳುವುದು ಇವನ್ನು ಉಪಾಯ ಎಂದು ನಂಬಬೇಡಿ.

ಕಾಂಡೋಮ್ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಇಬ್ಬರಿಗೆ ಗರ್ಭ ನಿಲ್ಲುತ್ತದೆ, ಜನ ಸಾಮಾನ್ಯವಾಗಿ ಬಳಸುವ ಹಾಗೆ ಬಳಸಿದರೆ 13 ಮಂದಿಗೆ. ಆ ಅಂತರ ಹುಟ್ಟುವುದು ಕೈತಪ್ಪುಗಳಿಂದ. ಅರ್ಧದಲ್ಲಿ ಹಾಕಿಕೊಳ್ಳುತ್ತಾರೆ, ಹಲ್ಲಿನಿಂದ ಕವರ್ ಹರಿಯುತ್ತಾರೆ, ತುದಿಯ ಗಾಳಿ ಹಿಂಡುವುದಿಲ್ಲ, ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟು ಬಿಸಿಗೆ ಕೆಡಿಸುತ್ತಾರೆ. ಕೊಬ್ಬರಿ ಎಣ್ಣೆ ಸವರಿದರಂತೂ ರಬ್ಬರ್ ನಿಮಿಷಗಳಲ್ಲೇ ದುರ್ಬಲವಾಗಿ ಹರಿಯುತ್ತದೆ. ನೀರಿನ ಆಧಾರದ ಜೆಲ್ ಮಾತ್ರ ಬಳಸಿ. ಎಚ್‌ಐವಿಯಂಥ ಸೋಂಕು ತಡೆಯುವುದು ಇದೊಂದೇ, ಆದ್ದರಿಂದ ಕೆಳಗಿನ ಯಾವುದನ್ನು ಆರಿಸಿಕೊಂಡರೂ ಜೊತೆಗೆ ಇದು ಇರಲಿ.

ಮಾಲಾ-ಎನ್ ಅಂದರೆ ದಿನಕ್ಕೊಂದರಂತೆ ನುಂಗುವ ಗರ್ಭನಿರೋಧಕ. ಅದರ ಪಟ್ಟಿಯಲ್ಲಿ 28 ಮಾತ್ರೆ: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಮುಟ್ಟಾದ 5 ದಿನದೊಳಗೆ ಶುರು ಮಾಡಿ, ರಾತ್ರಿ ಊಟವಾದ ಮೇಲೆ ಒಂದೇ ಹೊತ್ತಿಗೆ ನುಂಗಿ. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ, ಆ ದಿನದ್ದನ್ನೂ ನುಂಗಿ. ಸಾಲಾಗಿ ಎರಡೋ ಹೆಚ್ಚೋ ಮರೆತರೆ ಒಂದು ನುಂಗಿ ಮುಂದುವರಿಸಿ, 7 ದಿನ ಕಾಂಡೋಮ್ ಬಳಸಿ. ಹಾಗೆ ಮರೆತದ್ದು ಮೂರನೇ ವಾರದಲ್ಲಾದರೆ ಕಬ್ಬಿಣದ ಮಾತ್ರೆ ಬಿಟ್ಟು ನೇರ ಹೊಸ ಪಟ್ಟಿಗೆ ಹೋಗಿ. ವಿದ್ಯಾರ್ಥಿನಿಯರಲ್ಲಿ ಇದು ಎಡವುವುದು ದಸರೆ, ದೀಪಾವಳಿ ರಜೆಯಲ್ಲಿ: ಅಮ್ಮನ ಕಣ್ಣಿಗೆ ಬಿದ್ದೀತೆಂದು ಪಟ್ಟಿಯನ್ನು ಹಾಸ್ಟೆಲ್‌ನಲ್ಲೇ ಬಿಟ್ಟು ಊರಿಗೆ ಹೋಗುತ್ತಾರೆ. ಎಲ್ಲಕ್ಕಿಂತ ಅಪಾಯದ ಮರೆವು ಹೊಸ ಪಟ್ಟಿಯನ್ನು ತಡವಾಗಿ ಶುರು ಮಾಡುವುದು, ಏಕೆಂದರೆ ಆಗ ಹಾರ್ಮೋನ್ ಇಲ್ಲದ ದಿನ ಏಳನ್ನು ದಾಟುತ್ತದೆ. ಕಣ್ಣ ಮುಂದೆ ಮಿಂಚಿನ ಗೆರೆ ಬಂದು ಅರೆತಲೆನೋವು ಬರುವವರು, ಬಿಪಿ ಹೆಚ್ಚಿರುವವರು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಅಥವಾ ಲಿವರ್ ತೊಂದರೆ ಇರುವವರು ಇದನ್ನು ತಗೊಳ್ಳಬಾರದು. ಶುರು ಮಾಡುವ ಮುಂಚೆ ಒಮ್ಮೆ ಬಿಪಿ ನೋಡಿಸಿ.

ದಿನಾ ನುಂಗುವುದು ಆಗದು ಎನ್ನುವವರಿಗೆ ಛಾಯಾ ಇದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ, ಹಾರ್ಮೋನ್ ಇಲ್ಲದ ಮಾತ್ರೆ. ಅಂಗಡಿಯಲ್ಲಿ ಸಹೇಲಿ ಎಂದು ಸಿಗುತ್ತದೆ. ಮುಟ್ಟಿನ ಮೊದಲ ದಿನ ಒಂದು. ಅದು ಭಾನುವಾರ ಆದರೆ ಮೂರು ತಿಂಗಳು ಭಾನುವಾರ, ಬುಧವಾರ. ನಾಲ್ಕನೇ ತಿಂಗಳಿಂದ ಭಾನುವಾರ ಮಾತ್ರ. ಜನ ತಪ್ಪುವುದು ಮೊದಲ ದಿನದಿಂದಲೇ ವಾರಕ್ಕೊಂದು ಮಾಡಿಕೊಂಡಾಗ. ಒಂದು ತಪ್ಪಿ 7 ದಿನ ದಾಟಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪಿಸಿಓಡಿ ಇರುವವರಿಗೆ ಇದು ಬೇಡ.

'ಅಂತರ' ಎಂಬ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ, ಬಚ್ಚಿಡಬೇಕಾದ ಪಟ್ಟಿ ಇಲ್ಲ. ಚುಚ್ಚಿದ ಜಾಗ ಉಜ್ಜಬಾರದು, ಶಾಖ ಕೊಡಬಾರದು. ಮುಟ್ಟು ಅಡ್ಡಾದಿಡ್ಡಿ ಆಗಿ, ಆಮೇಲೆ ನಿಂತೂ ಹೋಗಬಹುದು, ಅದರಿಂದ ತೊಂದರೆ ಇಲ್ಲ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು 7ರಿಂದ 10 ತಿಂಗಳು ಹಿಡಿಯಬಹುದು. ವಂಕಿ, ಅಂದರೆ ಕಾಪರ್-ಟಿ, 380ಎ ಆದರೆ 10 ವರ್ಷ, 375 ಆದರೆ 5 ವರ್ಷ. ಮಕ್ಕಳಾಗದವರಿಗೂ ಹಾಕಬಹುದು. ಮೊದಲ ತಿಂಗಳುಗಳಲ್ಲಿ ಹೊಟ್ಟೆನೋವು, ರಕ್ತಸ್ರಾವ ಹೆಚ್ಚು, ಆದ್ದರಿಂದ ರಕ್ತಹೀನತೆ ಇರುವವರು ಯೋಚಿಸಿ ಆರಿಸಿಕೊಳ್ಳಿ.

ನಿಮ್ಮ ಸ್ಥಿತಿಯಲ್ಲಿ ಟೆಸ್ಟ್ ಇಲ್ಲ ಎಂದು ಬಂದು, ಮೇಲಿನ ಕಾಯಿಲೆಗಳಾವುವೂ ಇಲ್ಲದಿದ್ದರೆ ಮುಂದಿನ ಮುಟ್ಟಿನಿಂದ ಮಾಲಾ-ಎನ್ ಮತ್ತು ಕಾಂಡೋಮ್ ಎರಡನ್ನೂ ಹಿಡಿಯಿರಿ ಎಂದು ಹೇಳುತ್ತೇನೆ. ಪಟ್ಟಿ ಬಚ್ಚಿಡುವುದೇ ಕಷ್ಟವಾದರೆ 'ಅಂತರ' ಚುಚ್ಚುಮದ್ದು. ಇವೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳಲ್ಲಿ ಪುಕ್ಕಟೆ. ನರ್ಸ್ 'ಮದುವೆ ಆಗಿದೆಯಾ?' ಎಂದು ಕೇಳಿದರೆ 'ಇಲ್ಲ, 20 ವರ್ಷ, ಗರ್ಭನಿರೋಧಕ ಬೇಕು' ಎಂದು ನೇರವಾಗಿ ಹೇಳಿ. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಕೊಡುವುದಿಲ್ಲ ಎನ್ನಲು ಯಾವ ಕಾನೂನೂ ಇಲ್ಲ. ಎದುರು ಕೂತು ಕೇಳಲು ಮುಜುಗರವಾದರೆ 104 ಆರೋಗ್ಯವಾಣಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. 19ರವರೆಗಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇವೆ.

ಇದನ್ನು ಓದುತ್ತಿರುವ, 18 ತುಂಬದ ಮೊದಲ ವರ್ಷದ ಹುಡುಗಿಯರಿಗೂ ಹೇಳಬೇಕು. ನಿಮ್ಮ ವಿಷಯದಲ್ಲಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ ಹೇಳುತ್ತದೆ, ಗರ್ಭಪಾತಕ್ಕೆ ಪೋಷಕರ ಒಪ್ಪಿಗೆಯೂ ಬೇಕು. ಆದರೆ ನೀವು ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ನಿಮ್ಮ ಹೆಸರು, ಗುರುತು ಕೊಡಬೇಕಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆದರಿ ಆಸ್ಪತ್ರೆ ತಪ್ಪಿಸಬೇಡಿ, ಯಾರೋ ತಂದುಕೊಟ್ಟ ಕಿಟ್ ನುಂಗಬೇಡಿ.