ಕಲ್ಲಿದ್ದಲನ್ನು ರೈಲಿಗೆ ತುಂಬುವಾಗ ಅದರ ಉಷ್ಣತೆ ಏಕೆ ಅಳೆಯುತ್ತಾರೆ?

ಬೆಚ್ಚಗಿರುವ ಕಲ್ಲಿದ್ದಲು ಕಿಡಿ ತಾಗದೆಯೂ ತಾನಾಗಿ ಹೊತ್ತಿಕೊಳ್ಳಬಲ್ಲದು, ಅದಕ್ಕೇ. ಯುರೋಪಿನ ದೇಶಗಳ ನಡುವೆ ಅಪಾಯಕಾರಿ ಸರಕಿನ ರೈಲು ಸಾಗಣೆಗಿರುವ ಆರ್‌ಐಡಿ ನಿಯಮಾವಳಿಯ ಪ್ರಕಾರ, ತಾನಾಗಿ ಬಿಸಿಯಾಗುವ ಗುಣವಿರುವ, ಪುಡಿ ಮಾಡದ ಕಲ್ಲಿದ್ದಲನ್ನು ತೆರೆದ ವ್ಯಾಗನ್‌ನಲ್ಲಿ ಸಾಗಿಸಬೇಕಾದರೆ, ತುಂಬುವಾಗ ಇಲ್ಲವೇ ತುಂಬಿದ ಕೂಡಲೇ ಅದರ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿರಬಾರದು. ಗಣಿಯಿಂದ ಆಗಷ್ಟೇ ತೆಗೆದು ನೇರವಾಗಿ ವ್ಯಾಗನ್‌ಗೆ ಸುರಿದದ್ದಕ್ಕೆ ಈ ಅಳತೆ ಬೇಕಿಲ್ಲ. ರಾಶಿಯಲ್ಲಿ ಬಿದ್ದು ಬಿಸಿಯೇರಲು ಅದಕ್ಕೆ ಸಮಯವೇ ಸಿಕ್ಕಿರುವುದಿಲ್ಲ.

ಗಾಳಿಯ ಆಮ್ಲಜನಕ ಕಲ್ಲಿದ್ದಲಿನ ಮೈಗೆ ಅಂಟಿ ನಿಧಾನವಾಗಿ ವರ್ತಿಸುತ್ತದೆ, ಪ್ರತಿ ಸಲವೂ ತುಸು ಶಾಖ ಹುಟ್ಟುತ್ತದೆ. ಅಂಗೈ ಮೇಲಿನ ಒಂದು ಚೂರಿನಲ್ಲಿ ಅದು ಗೊತ್ತೇ ಆಗದಂತೆ ಆರಿಹೋಗುತ್ತದೆ. ರಾಶಿಯ ನಡುವಿನ ಚೂರಿಗೆ ಮಾತ್ರ ಸುತ್ತಲಿನ ಕಲ್ಲಿದ್ದಲೇ ಕಂಬಳಿ. ಶಾಖ ಹೊರಹೋಗದು, ಬಿಸಿ ಹೆಚ್ಚಿದಷ್ಟೂ ವರ್ತನೆ ಚುರುಕಾಗುತ್ತದೆ, ಮತ್ತಷ್ಟು ಬಿಸಿ. ತಿಪ್ಪೆಯ ಒಡಲು ಬೆಚ್ಚಗಿರುವುದನ್ನು ನೋಡಿದವರಿಗೆ ಇದು ಹೊಸದಲ್ಲ, ಅಲ್ಲಿ ಶಾಖ ಹುಟ್ಟಿಸುವವು ಸೂಕ್ಷ್ಮಜೀವಿಗಳು ಎಂಬುದಷ್ಟೇ ಬೇರೆ.

ಪುಡಿ ಮಾಡಿದರೆ ಗಾಳಿಗೆ ಒಡ್ಡಿಕೊಳ್ಳುವ ಮೈ ವಿಪರೀತ ಹೆಚ್ಚುತ್ತದೆ. ತೆರೆದ ವ್ಯಾಗನ್‌ನಲ್ಲಿ ಸಾಗಿಸುವ ಈ ರಿಯಾಯಿತಿ ಪುಡಿಗೆ ಇಲ್ಲದಿರುವುದು ಆ ಕಾರಣಕ್ಕೇ.